ರಾಜೀನಾಮೆ ಕೊಟ್ಟಾಗ ಬಾಸ್ ಕೂಗಾಡಿದರೆ

ಕೂಗಾಟ ಶುರುವಾದರೆ ಮಧ್ಯೆ ಬಾಯಿ ಹಾಕಬೇಡಿ. ಎದುರುತ್ತರ ಸಿಕ್ಕಷ್ಟೂ ಸಿಟ್ಟು ಏರುತ್ತದೆ. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಒಂದೇ ಮಾತು: 'ನಿರ್ಧಾರ ಆಗಿದೆ ಸರ್, ಕೆಲಸ ಯಾರಿಗೆ ಒಪ್ಪಿಸಲಿ ಹೇಳಿ.' ಕಾರಣ ವಿವರಿಸಲು ಹೋದಿರೋ, ಒಂದೊಂದಕ್ಕೂ ವಾದ ಹುಟ್ಟುತ್ತದೆ. ಹೊಸ ಕಂಪನಿಯ ಹೆಸರಂತೂ ಬೇಡವೇ ಬೇಡ.

ಬಾಯಿಮಾತಿನ ರಾಜೀನಾಮೆಯನ್ನು ಆಮೇಲೆ 'ಹೇಳೇ ಇಲ್ಲ' ಅನ್ನಬಹುದು. ಅದೇ ದಿನ ಎಚ್‌ಆರ್‌ಗೂ ಸೇರಿಸಿ ಇಮೇಲ್ ಕಳಿಸಿ: ಇಂದಿನ ದಿನಾಂಕ, ನೋಟಿಸ್ ಅವಧಿ, ಕೊನೆಯ ದಿನ. ಮೂರು ಸಾಲು ಸಾಕು. 'ಈಗಲೇ ಹೊರಡು' ಅಂದರೆ ಅದನ್ನು ಬರಹದಲ್ಲಿ ಕೇಳಿ. ಇಲ್ಲದಿದ್ದರೆ ನೋಟಿಸ್ ಮುರಿದದ್ದು ನೀವೇ ಎಂದು ಸಂಬಳ ಹಿಡಿದುಕೊಳ್ಳಬಹುದು.

ಸಂಬಳದ ಚೀಟಿ, ನೇಮಕಾತಿ ಪತ್ರದ ಪ್ರತಿಗಳನ್ನು ಮಾತೆತ್ತುವ ಮೊದಲೇ ತೆಗೆದಿಟ್ಟುಕೊಳ್ಳಿ. ಸಿಟ್ಟಿನಲ್ಲಿ ಲಾಗಿನ್ ತಕ್ಷಣ ಬಂದ್ ಮಾಡುವವರಿದ್ದಾರೆ. ಕಂಪನಿಯ ಫೈಲುಗಳನ್ನು ಮಾತ್ರ ಮುಟ್ಟಬೇಡಿ.