500 ಅಂತ ಬರೆದಿದ್ದ ಡಬ್ಬ

ಏಪ್ರಿಲ್ ತಿಂಗಳ ಒಂದು ರಾತ್ರಿ ಕಂಪ್ಯೂಟರ್ ಮತ್ತೆ ಆರಿಹೋಯಿತು. ಆಡುತ್ತಿದ್ದದ್ದು ನಾನಲ್ಲ, ಅಕ್ಕನ ಮಗ. ಇಂಜಿನಿಯರಿಂಗ್ ಓದೋಕೆ ಅಂತ ತುಮಕೂರಿನ ಕ್ಯಾತಸಂದ್ರದ ನಮ್ಮ ಮನೆಗೆ ಬಂದು ಸೇರಿದ್ದಾನೆ. ಓದು ಎಷ್ಟಾಗ್ತಿದೆ ಅಂತ ಕೇಳಬೇಡಿ. "ಮಾವ, ಮತ್ತೆ ಹೋಯ್ತು" ಅಂದ. ಪರದೆ ಕಪ್ಪು. ಫ್ಯಾನು ಒಂದು ಸಲ ನಿಂತು ತಾನೇ ಮತ್ತೆ ತಿರುಗಲು ಶುರು. ಆ ವಾರದಲ್ಲಿ ಅದು ಆರನೇ ಸಲ.

ಈ ಕಂಪ್ಯೂಟರ್ ಜೋಡಿಸಿದ್ದು 2020ರ ಶುರುವಿನಲ್ಲಿ, ಲಾಕ್‌ಡೌನ್‌ಗೆ ಸ್ವಲ್ಪ ಮುಂಚೆ. ಪ್ರೊಸೆಸರ್ ರೈಜನ್ 5 3600, ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1660 ಸೂಪರ್. ದುಡ್ಡೆಲ್ಲ ಅವೆರಡಕ್ಕೇ ಖಾಲಿಯಾಗಿ, ಕ್ಯಾಬಿನೆಟ್ ಜೊತೆಗೇ ಬಂದಿದ್ದ, ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚೋ ಡಬ್ಬವಾದ ಎಸ್‌ಎಂಪಿಎಸ್ಸನ್ನೇ ಇಟ್ಟುಕೊಂಡಿದ್ದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ 500 ಅಂತ ಇತ್ತು, ಸಾಕಲ್ವಾ ಅಂದುಕೊಂಡೆ. ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ವೈರು ಅದರಲ್ಲಿ ಇರಲೇ ಇಲ್ಲ. ಜೋಡಿಸಿಕೊಟ್ಟವರು ಹಳೇ ನಾಲ್ಕು ಪಿನ್ನಿನ ವೈರಿಗೆ ಒಂದು ಮೋಲೆಕ್ಸ್ ಕನ್ವರ್ಟರ್ ಸಿಕ್ಕಿಸಿ ಕಳಿಸಿದ್ದರು. ನನಗೆ ಅನುಮಾನ ಬರಬೇಕಾಗಿದ್ದದ್ದು ಅವತ್ತೇ.

ಐದು ವರ್ಷ ಏನೂ ಆಗಲಿಲ್ಲ. ಈ ವರ್ಷ ಹುಡುಗ ತನ್ನ ಸೀನಿಯರ್ ಒಬ್ಬನಿಂದ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಕಾರ್ಡ್ ತಂದು ಹಾಕಿದ. ಅಲ್ಲಿಂದ ಶುರುವಾಯಿತು ನೋಡಿ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆವು. ರ್‍ಯಾಮ್ ಬಿಚ್ಚಿ ರಬ್ಬರ್‌ನಲ್ಲಿ ಉಜ್ಜಿದೆವು. ವಿಂಡೋಸ್ ಹೊಸದಾಗಿ ಹಾಕಿದೆವು. ಈವೆಂಟ್ ವ್ಯೂಯರ್‌ನಲ್ಲಿ ಪ್ರತಿ ಸಲವೂ 'ಕರ್ನಲ್ ಪವರ್ 41' ಅಂತ ಬರ್ತಿತ್ತು. ಹುಡುಗ ಅದೇ ರೋಗದ ಹೆಸರು ಅಂದುಕೊಂಡಿದ್ದ. ಅದು ಬರೀ ಡೈರಿ. ಸರಿಯಾಗಿ ಮುಚ್ಚದೆ ಆರಿಹೋಯ್ತು ಅಂತ ಬರೆದಿಡುತ್ತೆ, ಯಾಕೆ ಅಂತ ಹೇಳಲ್ಲ.

ಆಮೇಲೆ ಎಸ್‌ಎಂಪಿಎಸ್ ಹೊರಗೆ ತೆಗೆದು, 24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ವೈರಿನಿಂದ ಕಪ್ಪು ವೈರಿಗೆ ಬೋರ್ಡಿಲ್ಲದೆ ಆನ್ ಆಗಲಿ ಅಂತ ಹುಡುಗ ಪೇಪರ್ ಕ್ಲಿಪ್ ಚುಚ್ಚಿದ. ಫ್ಯಾನು ತಿರುಗಿತು. "ನೋಡು ಮಾವ, ಚೆನ್ನಾಗೇ ಇದೆ" ಅಂದ. ಖಾಲಿ ಗಾಡಿ ಯಾವ ಎತ್ತಾದರೂ ಎಳೆಯುತ್ತೆ ಕಣೋ, ಮೂಟೆ ಹೇರಿದಾಗ ತಾನೇ ಗೊತ್ತಾಗೋದು ಅಂದೆ. ಹಾಗೆ ಅಂದ ಮೇಲೆ ನಾನೂ ಆ ಡಬ್ಬವನ್ನು ತಿರುಗಿಸಿ, ಪಕ್ಕದ ಸಣ್ಣ ಲೇಬಲ್ಲನ್ನು ಮೊದಲ ಸಲ ಓದಿದೆ.

ಆ ಲೇಬಲ್ಲಿನಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಅಂತ ಬೇರೆ ಬೇರೆ ಲೆಕ್ಕ ಇರುತ್ತೆ. ಈಗಿನ ಪ್ರೊಸೆಸರ್ ಮತ್ತು ಕಾರ್ಡು ತಿನ್ನೋದು ಹೆಚ್ಚುಕಡಿಮೆ ಎಲ್ಲವನ್ನೂ 12 ವೋಲ್ಟಿನಿಂದಲೇ. ನಮ್ಮದರಲ್ಲಿ ಅದರ ಎದುರು 16 ಆಂಪ್ ಅಂತ ಇತ್ತು. ಹನ್ನೆರಡು ಹದಿನಾರಲಿ 192 ವ್ಯಾಟ್. ಮೇಲೆ ಬರೆದಿದ್ದದ್ದು 500! ನಮ್ಮ ಪ್ರೊಸೆಸರ್ ಪೂರ್ತಿ ದುಡಿದರೆ 88 ವ್ಯಾಟ್ ತನಕ ಎಳೆಯುತ್ತೆ. ಹಳೇ ಕಾರ್ಡು 125. ಅದಕ್ಕೇ ಇದು ಏದುಸಿರು ಬಿಡುತ್ತಿದ್ದಿರಬೇಕು. 3060 ಅಂದರೆ 170. ಅದೂ ಸರಾಸರಿ. ಆಟದಲ್ಲಿ ಒಂದು ಸ್ಫೋಟ ಬಂತು ಅಂದರೆ ಕೆಲವು ಮಿಲಿಸೆಕೆಂಡು ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತೆ. ಆಗ ಡಬ್ಬ ಕೈ ಚೆಲ್ಲುತ್ತೆ.

"ಹಂಗಾದ್ರೆ ಬಿಚ್ಚಿ ನೋಡೋಣ" ಅಂದ ಹುಡುಗ. ಬೈದೆ. 230 ವೋಲ್ಟನ್ನು ಡಿಸಿ ಮಾಡಿದಾಗ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟಿನ ಆಸುಪಾಸು ಕೂತಿರುತ್ತೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರಬಹುದು.

ಮಾರನೇ ದಿನ ಸ್ಕೂಟರ್‌ನಲ್ಲಿ ಬಿ.ಎಚ್. ರಸ್ತೆ ಹಿಡಿದು ಪೇಟೆಗೆ ಹೋದೆವು. ಎಂ.ಜಿ. ರಸ್ತೆ ಕಡೆಯ ಮೊದಲ ಅಂಗಡಿಯಲ್ಲಿ ಕೆಲಸದ ಹುಡುಗ ಒಂದು ಡಬ್ಬ ತಂದಿಟ್ಟ. "600 ವ್ಯಾಟ್ ಸಾರ್, 900 ರೂಪಾಯಿ. ಎಲ್ರೂ ಇದೇ ತಗೊಳ್ಳೋದು." ಎತ್ತಿ ನೋಡಿದರೆ ಒಳಗೆ ಏನೂ ಇಲ್ಲದಷ್ಟು ಹಗುರ. ಲೇಬಲ್ ಹುಡುಕಿದೆ, 12 ವೋಲ್ಟಿಗೆ 18 ಆಂಪ್. "ಇದು 216 ವ್ಯಾಟ್ ಅಲ್ವೇನಪ್ಪಾ?" ಅಂದೆ. ಅವನು ಒಂದು ನಿಮಿಷ ನನ್ನ ಮುಖ ನೋಡಿ, "ಸಾರ್, ಬಿಲ್ಲಿಂಗ್ ಕಂಪ್ಯೂಟರ್‌ಗಳಿಗೆಲ್ಲ ಇದೇ ಹೋಗೋದು" ಅಂದ. ಅದು ನಿಜವೇ. ಬಿಲ್ ಹಾಕೋ ಕಂಪ್ಯೂಟರ್‌ಗೆ ಇದಕ್ಕಿಂತ ಜಾಸ್ತಿ ಯಾಕೆ ಬೇಕು?

ಎರಡನೇ ಅಂಗಡಿಯವರು ಉಲ್ಟಾ. 850 ವ್ಯಾಟ್, ಗೋಲ್ಡ್, ಹನ್ನೊಂದು ಸಾವಿರ. ಅಕ್ಕನ ಮಗನ ಕಣ್ಣು ಅರಳಿತು. "ಕರೆಂಟ್ ಬಿಲ್ ಉಳಿಯುತ್ತೆ ಸಾರ್" ಅಂದರು. ನಾನು ಅಲ್ಲೇ ನಿಂತು ಮೊಬೈಲ್‌ನಲ್ಲಿ ಲೆಕ್ಕ ಹಾಕಿದೆ. ಬ್ರಾಂಜ್, ಗೋಲ್ಡ್ ಅನ್ನೋದು 80 ಪ್ಲಸ್‌ನವರ ಗುರುತು. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಒಳಗೆ ಮುಟ್ಟುತ್ತೆ, ಎಷ್ಟು ಶಾಖವಾಗಿ ಹೋಗುತ್ತೆ ಅನ್ನೋದು ಮಾತ್ರ ಅದರಲ್ಲಿರೋದು. 115 ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಲೋಡಿನಲ್ಲಿ ಬ್ರಾಂಜ್‌ಗೆ ನೂರಕ್ಕೆ 85 ಬೇಕು, ಗೋಲ್ಡ್‌ಗೆ 90. ನಮ್ಮದು 300 ವ್ಯಾಟ್ ತಿನ್ನುತ್ತೆ ಅಂತ ಇಟ್ಟುಕೊಂಡರೆ ಎರಡಕ್ಕೂ ಇರೋ ವ್ಯತ್ಯಾಸ ಸುಮಾರು 20 ವ್ಯಾಟ್. ದಿನಾ ಮೂರು ಗಂಟೆ ಆಡಿದರೂ ವರ್ಷಕ್ಕೆ 22 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಅಂತಲೇ ಹಿಡಿಯಿರಿ, 154 ರೂಪಾಯಿ. ಬ್ರಾಂಜ್ ಡಬ್ಬಕ್ಕಿಂತ ಜಾಸ್ತಿ ಕೊಡೋ ಆರು ಸಾವಿರ ವಾಪಸ್ ಬರೋ ಹೊತ್ತಿಗೆ ಈ ಹುಡುಗನ ಮಕ್ಕಳು ಇಂಜಿನಿಯರಿಂಗ್ ಸೇರಿರುತ್ತಾರೆ.

ಮೂರನೆಯದು ಮಹಡಿ ಮೇಲಿನ ಸಣ್ಣ ಅಂಗಡಿ. ಒಬ್ಬರೇ ಇದ್ದರು, ವಯಸ್ಸಾದವರು. ಡಬ್ಬ ತೋರಿಸಲಿಲ್ಲ, ಮೊದಲು ಪ್ರಶ್ನೆ ಕೇಳಿದರು. ಕಾರ್ಡ್ ಯಾವುದು? ಪ್ರೊಸೆಸರ್ ಯಾವುದು? ಮನೆ ಇನ್ವರ್ಟರ್ ಸ್ಕ್ವೇರ್ ವೇವಾ, ಸೈನ್ ವೇವಾ? ಸ್ಕ್ವೇರ್ ಅಂದೆ. "ಹಂಗಾದ್ರೆ ಆ ಲೈನಿಗೆ ಹಾಕ್ಬೇಡಿ ಸಾರ್. ಒಳ್ಳೇ ಎಸ್‌ಎಂಪಿಎಸ್‌ನಲ್ಲಿ ಕರೆಂಟನ್ನು ನುಣುಪು ಅಲೆಯಾಗಿ ಎಳೆಯೋ ಆಕ್ಟಿವ್ ಪಿಎಫ್‌ಸಿ ಇರುತ್ತೆ. ಅದಕ್ಕೂ ಸ್ಕ್ವೇರ್ ವೇವ್‌ಗೂ ಆಗಿಬರಲ್ಲ." ಕೊನೆಗೆ, "ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತಾ?" ಅಂದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅನ್ನುತ್ತೆ. ಬರಿಗಾಲಲ್ಲಿದ್ದರೆ ಇನ್ನೂ ಚೆನ್ನಾಗಿ ಅನ್ನುತ್ತೆ. ಕಬ್ಬಿಣದ ಡಬ್ಬ ಅಂದಮೇಲೆ ಹಾಗೇ ಇರುತ್ತೇನೋ ಅಂತ ಸುಮ್ನಿದ್ದೆವು.

"ಅರ್ಥಿಂಗ್ ಹೋಗಿದೆ. ಮೊದ್ಲು ಅದನ್ನ ನೋಡಿಸಿ" ಅಂದರು. ಎಸ್‌ಎಂಪಿಎಸ್ ಬಾಗಿಲಲ್ಲೇ ಗಲೀಜು ಸೋಸೋ ಫಿಲ್ಟರ್ ಇರುತ್ತಂತೆ. ಅದರ ಎರಡು ಪುಟ್ಟ ಕೆಪಾಸಿಟರ್‌ಗಳು ಡಬ್ಬದ ಮೈಗೆ ಕಟ್ಟಿರುತ್ತವೆ. ಅರ್ಥ್ ಇದ್ದರೆ ಅಲ್ಲಿ ಬಂದದ್ದು ನೆಲಕ್ಕೆ ಹೋಗುತ್ತೆ. ಇಲ್ಲದಿದ್ದರೆ 230ರ ಅರ್ಧದಷ್ಟು ವೋಲ್ಟೇಜು ಕ್ಯಾಬಿನೆಟ್ ಮೇಲೇ ನಿಲ್ಲುತ್ತೆ. ಹರಿಯೋದು ಚೂರೇ ಚೂರು, ಅದಕ್ಕೇ ಬರೀ ಜುಮ್ ಅನ್ನುತ್ತೆ. ಆದರೆ ಇನ್ನೇನಾದರೂ ನಿಜವಾಗಿ ಸೋರಿದರೆ ಅದಕ್ಕೂ ದಾರಿ ಇರಲ್ಲ. "ಕಂಪ್ಯೂಟರ್ ಆರೋದಕ್ಕೂ ಇದಕ್ಕೂ ಸಂಬಂಧ ಇಲ್ಲ ಸಾರ್, ಅದು ಬೇರೆ, ಇದು ಬೇರೆ" ಅಂತಲೂ ಹೇಳಿದರು. ಎರಡನ್ನೂ ಗಂಟು ಹಾಕಿ ನನ್ನನ್ನು ಹೆದರಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ ಅಂತಲೇ ಅವರ ಹತ್ತಿರ ತಗೊಂಡೆ.

3060ಗೆ ಅದರ ಚಿಪ್ ಮಾಡೋ ಎನ್ವಿಡಿಯಾದವರೇ 550 ವ್ಯಾಟ್ ಇರಲಿ ಅಂತ ಹೇಳುತ್ತಾರೆ. ಅಷ್ಟೇ ತರಿಸಿದೆವು. ಒಳ್ಳೇ ಕಂಪನಿದು, ಬ್ರಾಂಜ್, ಐದು ವರ್ಷ ವಾರಂಟಿ, 4,700 ರೂಪಾಯಿ, ಬಿಲ್ ಸಮೇತ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮಾರನೇ ದಿನ ಸಂಜೆ ಬಸ್ಸಿನಲ್ಲಿ ಬಂತು. ಕೈಗೆ ಕೊಟ್ಟಾಗ ತೋಳು ಕೆಳಗೆ ಜಗ್ಗಿತು. ಲೇಬಲ್ಲಿನಲ್ಲಿ 12 ವೋಲ್ಟಿಗೆ 45 ಆಂಪ್, ಅಂದರೆ 540. ಈ ಸಲ ಮೇಲಿನ ಅಂಕಿಗೂ ಪಕ್ಕದ ಅಂಕಿಗೂ ಜಗಳ ಇರಲಿಲ್ಲ.

ಜೋಡಿಸೋದರಲ್ಲಿ ಒಂದೇ ಎಡವಟ್ಟು. ಎಂಟು ಪಿನ್ನಿನ ವೈರು ಎರಡು ಥರ ಇರುತ್ತೆ. ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳೋದು ಪ್ರೊಸೆಸರ್‌ಗೆ, ಆರು ಎರಡಾಗಿ ಬಿಡಿಸಿಕೊಳ್ಳೋದು ಕಾರ್ಡಿಗೆ. ಹುಡುಗ ಪ್ರೊಸೆಸರಿನದನ್ನು ಕಾರ್ಡಿಗೆ ಒತ್ತುತ್ತಿದ್ದ. "ಬಿಗಿ ಇದೆ ಮಾವ" ಅಂದ. ಬಿಗಿಯಲ್ಲ, ತೂತುಗಳ ಆಕಾರವೇ ಬೇರೆ. ಮಾಡಿದವರು ಪುಣ್ಯಾತ್ಮರು.

ಭಾನುವಾರ ಎಲೆಕ್ಟ್ರಿಷಿಯನ್ ಬಂದರು. ಮಾತಿಲ್ಲ, ಮೀಟರ್ ಇಲ್ಲ. ಹೋಲ್ಡರ್‌ಗೆ ಹಾಕಿದ ಬಲ್ಬೊಂದರ ಎರಡು ವೈರನ್ನು ಸಾಕೆಟ್ಟಿಗಿಟ್ಟರು. ಫೇಸ್ ಮತ್ತು ನ್ಯೂಟ್ರಲ್‌ಗೆ ಝಗ್ ಅಂತ ಉರಿಯಿತು. ಫೇಸ್ ಮತ್ತು ಅರ್ಥ್‌ಗೆ ಒಳಗಿನ ತಂತಿ ಸುಮ್ನೆ ಕೆಂಪಾಯಿತು. "ಅರ್ಥಿಂಗ್ ಗುಂಡಿ ಎಲ್ಲಿದೆ?" ಅಂದರು. ನನಗೆ ನೆನಪಾಗಲಿಲ್ಲ. ಅಮ್ಮ ಬಂದು ಹಿತ್ತಲಿನ ಕರಿಬೇವಿನ ಗಿಡದ ಪಕ್ಕ ಕೈ ತೋರಿಸಿದರು.

ಇದ್ದಿಲು, ಉಪ್ಪು ತುಂಬಿ ಮುಚ್ಚಿದ್ದ ಗುಂಡಿ. ಅಪ್ಪ ಇದ್ದಾಗ ಬೇಸಿಗೆಯಲ್ಲಿ ಅದಕ್ಕೆ ವಾರಕ್ಕೆ ಎರಡು ಕೊಡ ನೀರು ಸುರಿಯುತ್ತಿದ್ದರು. ಗಿಡಕ್ಕೆ ಹಾಕ್ತಾರೆ ಅಂದುಕೊಂಡಿದ್ದೆ. ಮಣ್ಣು ಒಣಗಿದರೆ ಕರೆಂಟು ನೆಲಕ್ಕೆ ಇಳಿಯಲ್ಲ, ಅದಕ್ಕೇ ಇದ್ದಿಲು, ಉಪ್ಪು, ನೀರು ಎಲ್ಲ. ಅಪ್ಪ ಹೋಗಿ ನಾಲ್ಕು ಬೇಸಿಗೆ ಆಯಿತು. ಯಾರೂ ಸುರಿದಿಲ್ಲ. ತುಕ್ಕು ಹಿಡಿದಿದ್ದ ಕ್ಲಾಂಪ್ ಬದಲಾಯಿಸಿ, ಹೊಸದಾಗಿ ಉಪ್ಪು ಹಾಕಿ, ನಾಲ್ಕು ಕೊಡ ನೀರು ಸುರಿದ ಮೇಲೆ ಬಲ್ಬು ಎರಡೂ ಕಡೆ ಒಂದೇ ಥರ ಉರಿಯಿತು. ಕ್ಯಾಬಿನೆಟ್ ಮುಟ್ಟಿದೆ. ತಣ್ಣಗೆ, ಬರೀ ಕಬ್ಬಿಣ.

ಈಗ ಮೂರು ವಾರ ಆಯಿತು. ಒಂದು ಸಲವೂ ಆರಿಲ್ಲ. ನಿನ್ನೆ ರಾತ್ರಿ ಹನ್ನೊಂದಕ್ಕೆ ಹುಡುಗ ಆಡುತ್ತಿದ್ದ. ಅಮ್ಮ ಒಳಗಿನಿಂದ, "ಆ ಗುಂಡಿಗೆ ನೀರು ಹಾಕಿದ್ಯೇನೋ?" ಅಂತ ಕೂಗಿದರು.

"ಹಾಕಿದೀನಿ ಅಜ್ಜಿ" ಅಂದ, ಪರದೆಯಿಂದ ಕಣ್ಣು ತೆಗೆಯದೆ.

ಹಾಕಿರಲಿಲ್ಲ. ನಾನೇ ಕೊಡ ತಗೊಂಡು ಹಿತ್ತಲಿಗೆ ಹೋದೆ.