ಮ್ಯಾನ್‌ಹೈಮ್‌ನ ಓದು, ಚಿಕ್ಕಪೇಟೆಯ ಉದ್ರಿ

ಕಳೆದ ಭಾನುವಾರ ನಾಗರಬಾವಿಯ ನಮ್ಮ ಮನೆಗೆ ಪಕ್ಕದ ಬೀದಿಯ ಹುಡುಗಿಯೊಬ್ಬಳು ತಾಯಿಯನ್ನು ಕರೆದುಕೊಂಡು ಬಂದಿದ್ದಳು. ಬಿ.ಕಾಂ. ಕೊನೆಯ ವರ್ಷದಲ್ಲಿರುವ ಅವಳಿಗೆ ಹೊರದೇಶದಲ್ಲಿ ಮ್ಯಾನೇಜ್‌ಮೆಂಟ್ ವಿಷಯದ ಸ್ನಾತಕೋತ್ತರ ಪದವಿ ಓದಬೇಕೆಂಬ ಆಸೆಯಿದೆ. ಕೈಯಲ್ಲಿ ಕನ್ಸಲ್ಟೆನ್ಸಿಯವರು ಕೊಟ್ಟ ಹೊಳೆಯುವ ಪುಸ್ತಿಕೆಯಿತ್ತು. ಅದರಲ್ಲಿ ರ‍್ಯಾಂಕಿಂಗ್ ಇತ್ತು, ಓದು ಮುಗಿದ ಮೇಲೆ ಸಿಗಬಹುದಾದ ಸಂಬಳದ ಅಂದಾಜು ಇತ್ತು, ನದಿಯ ದಂಡೆಯಲ್ಲಿ ನಗುತ್ತಾ ಕುಳಿತ ವಿದ್ಯಾರ್ಥಿಗಳ ಚಿತ್ರವಿತ್ತು. ಆದರೆ ಅಲ್ಲಿ ಏನನ್ನು ಓದಬೇಕಾಗುತ್ತದೆ ಎಂಬುದು ಮಾತ್ರ ಒಂದು ಪುಟದಲ್ಲೂ ಇರಲಿಲ್ಲ. 2023ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ವಿಶ್ವವಿದ್ಯಾಲಯಕ್ಕೆ ಹೊರಟಾಗ ನನಗೂ ಅದು ಗೊತ್ತಿರಲಿಲ್ಲವಾದ್ದರಿಂದ, ಅವಳಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಈ ಪದವಿಯನ್ನು ಎಂ.ಬಿ.ಎ.ಯ ಇನ್ನೊಂದು ಹೆಸರು ಎಂದುಕೊಳ್ಳುವವರೇ ಹೆಚ್ಚು. ಬನ್ನೇರುಘಟ್ಟ ರಸ್ತೆಯ ಐಐಎಂಗೆ ಕೆಲಸದ ಅನುಭವವೇ ಇಲ್ಲದವರೂ ಸೇರುವುದುಂಟಾದ್ದರಿಂದ ಹಾಗೆ ಅನ್ನಿಸುವುದು ಸಹಜ. ಯುರೋಪಿನಲ್ಲಿ ಮಾತ್ರ ಇವೆರಡೂ ಬೇರೆ ಬೇರೆ ದಾರಿಗಳು. ಅಲ್ಲಿ ಎಂ.ಬಿ.ಎ. ಎನ್ನುವುದು ಕೆಲವು ವರ್ಷ ದುಡಿದು ಬಂದವರಿಗಾಗಿ ಇರುವ ಓದು. ಮಾಸ್ಟರ್ ಇನ್ ಮ್ಯಾನೇಜ್‌ಮೆಂಟ್ ಎನ್ನುವುದು ಪದವಿ ಮುಗಿಸಿದ ಕೂಡಲೇ ಬರುವವರಿಗಾಗಿ ಇರುವ ಓದು. 1999ರ ಬೊಲೋನಾ ಒಪ್ಪಂದದ ನಂತರ ಅಲ್ಲಿನ ದೇಶಗಳ ಪದವಿಗಳು ಒಂದೇ ಅಳತೆಗೆ ಬಂದವು. ಓದಿನ ಹೊರೆಯನ್ನು ಅಳೆಯುವ ಅಂಶಕ್ಕೆ ಅಲ್ಲಿ ಕ್ರೆಡಿಟ್ ಎನ್ನುತ್ತಾರೆ; ವರ್ಷಕ್ಕೆ 60 ಕ್ರೆಡಿಟ್ಟಿನಂತೆ ಎರಡು ವರ್ಷಕ್ಕೆ 120 ಕ್ರೆಡಿಟ್. ಜರ್ಮನಿಯ ಹಲವು ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಆ ಕ್ರೆಡಿಟ್ಟುಗಳ ಗಣನೀಯ ಪಾಲು ಸಂಖ್ಯಾಶಾಸ್ತ್ರಕ್ಕೆ, ಸಂಶೋಧನಾ ಲೇಖನಗಳನ್ನು ಓದುವ ಸೆಮಿನಾರುಗಳಿಗೆ ಮತ್ತು ಕೊನೆಯ ಪ್ರಬಂಧಕ್ಕೆ ಹೋಗುತ್ತದೆ. ಇದು ಕಂಪನಿ ನಡೆಸುವುದನ್ನು ಕಲಿಸುವುದಕ್ಕಿಂತ ಹೆಚ್ಚಾಗಿ, ಕಂಪನಿಗಳ ಬಗ್ಗೆ ಜನ ಹೇಳುವ ಮಾತುಗಳಲ್ಲಿ ಯಾವುದನ್ನು ನಂಬಬಹುದು ಎಂಬುದನ್ನು ಕಲಿಸುವ ಓದು ಎಂದು ನಾನು ಎರಡು ವರ್ಷ ಓದಿದ ಮೇಲೆ ಹೇಳಬಲ್ಲೆ.

ಅಂಕಗಳ ವಿಷಯವನ್ನು ಮೊದಲೇ ತಿಳಿದುಕೊಂಡರೆ ಗಾಬರಿ ತಪ್ಪುತ್ತದೆ. ಅಲ್ಲಿ 1.0 ಅತ್ಯುತ್ತಮ, 4.0 ಬಂದರೆ ಪಾಸು. ನಮ್ಮ ಶೇಕಡಾವಾರು ಅಂಕವನ್ನು ಅದಕ್ಕೆ ಹೊಂದಿಸಲು ಬವೇರಿಯನ್ ಸೂತ್ರವೊಂದಿದೆ: ಗರಿಷ್ಠ ಅಂಕದಿಂದ ನಮ್ಮ ಅಂಕವನ್ನು ಕಳೆದು, ಗರಿಷ್ಠಕ್ಕೂ ಪಾಸಿನ ಅಂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಪಾಸಿಗೆ 40 ಇರುವ ಕಡೆ 78 ಪಡೆದವರಿಗೆ 2.1 ಬರುತ್ತದೆ. ಇದಲ್ಲದೆ, ಭಾರತೀಯ ವಿದ್ಯಾರ್ಥಿಗಳು 2022ರ ನವೆಂಬರಿನಿಂದ ವೀಸಾ ಅರ್ಜಿಯ ಜೊತೆಗೆ, ನಮ್ಮ ಅಂಕಪಟ್ಟಿ, ಪದವಿಪತ್ರಗಳು ಅಸಲಿಯೆಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವನ್ನೂ ಕೊಡಬೇಕಾಗಿದೆ.

ಹಣದ ಮಾತಿಗೆ ಬಂದರೆ, ಮ್ಯಾನ್‌ಹೈಮ್ ಇರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯವು 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸಿದೆ. ಅದಕ್ಕಿಂತ ಭಾರವಾದದ್ದು ವೀಸಾಕ್ಕಾಗಿ ಮೊದಲೇ ತುಂಬಿಡಬೇಕಾದ ಬ್ಲಾಕ್ಡ್ ಅಕೌಂಟ್. ನಾನು ಹೋದಾಗ ಅದು ಒಂದು ವರ್ಷಕ್ಕೆ 11,208 ಯೂರೋ ಇತ್ತು. 2024ರ ಸೆಪ್ಟೆಂಬರಿನಲ್ಲಿ 11,904ಕ್ಕೆ ಏರಿತು. ಹಣ ನಮ್ಮದೇ, ತಿಂಗಳಿಗಿಷ್ಟು ಎಂದು ನಮಗೇ ಮರಳಿ ಬರುತ್ತದೆ. ಆದರೆ ಮೊದಲು ಅದು ಕೈಯಲ್ಲಿರಬೇಕಲ್ಲ.

ಅದಕ್ಕಾಗಿ ಶಿಕ್ಷಣ ಸಾಲ ಕೇಳಲು ಹೋದ ದಿನಗಳನ್ನು ನಾನು ಮರೆಯಲಾರೆ. ನಮ್ಮ ಮನೆಗೆ ಇರುವುದು ಬಿ ಖಾತಾ, ಅಂದರೆ ಅನುಮೋದನೆಯಲ್ಲಿ ಕೊರತೆಯಿರುವ ಆಸ್ತಿಗಳನ್ನು ಪಾಲಿಕೆ ಬೇರೆಯಾಗಿ ಬರೆದಿಡುವ ದಾಖಲೆ; ಅಂಥ ಆಸ್ತಿಯನ್ನು ಅಡಮಾನವಾಗಿ ಒಪ್ಪಲು ಹಲವು ಬ್ಯಾಂಕುಗಳು ಹಿಂಜರಿಯುತ್ತವೆ. ಅಪ್ಪ ಕ್ರಯಪತ್ರ, ಇ.ಸಿ. (ಋಣಭಾರ ಪ್ರಮಾಣಪತ್ರ), ಇಪ್ಪತ್ತು ವರ್ಷ ಒಂದನ್ನೂ ತಪ್ಪಿಸದೆ ಕಟ್ಟಿದ ಕಂದಾಯದ ರಸೀದಿಗಳು, ಎಲ್ಲವನ್ನೂ ಒಂದು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಬಂದಿದ್ದರು. ಬ್ಯಾಂಕಿನ ಅಧಿಕಾರಿ ಖಾತಾ ಪ್ರತಿಯೊಂದನ್ನೇ ತೆಗೆದು ನೋಡಿ, ಉಳಿದ ಕಾಗದಗಳನ್ನು ಮುಟ್ಟದೆ ಚೀಲವನ್ನು ಮೇಜಿನ ಈಚೆಗೆ ಸರಿಸಿದರು. ಎರಡು ತಿಂಗಳು ಮೂರು ಶಾಖೆಗಳಿಗೆ ಅಲೆದ ಮೇಲೆ, ಚಿಕ್ಕಪೇಟೆಯಲ್ಲಿ ಸೀರೆಯ ಸಗಟು ಅಂಗಡಿ ಇಟ್ಟಿರುವ ನನ್ನ ಸೋದರಮಾವ ರಾಜಾಜಿನಗರದ ತಮ್ಮ ಎ ಖಾತಾ ನಿವೇಶನದ ಪತ್ರಗಳನ್ನು ತಂದು ಅಮ್ಮನ ಕೈಗೆ ಕೊಟ್ಟರು. ಒಂದು ಮಾತನ್ನೂ ಕೇಳಲಿಲ್ಲ. ಊಟ ಮಾಡಿಕೊಂಡು ಹೋದರು.

ಮ್ಯಾನ್‌ಹೈಮ್ ಊರಿನ ನಡುಭಾಗ ಚದುರಂಗದ ಹಾಸಿನಂತಿದೆ. ಅಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರಿಲ್ಲ. ಒಂದೊಂದು ಚೌಕಕ್ಕೂ ಒಂದು ಅಕ್ಷರ ಮತ್ತು ಒಂದು ಸಂಖ್ಯೆಯಿದೆ. ಬ್ಲಾಕು, ಮೇನು, ಕ್ರಾಸು ಎಂದು ವಿಳಾಸ ಹೇಳಿಯೇ ಬೆಳೆದ ನನಗೆ ಅದು ಮೊದಲ ದಿನವೇ ಆಪ್ತವಾಯಿತು. ಹಳೆಯ ಅರಮನೆಯೊಳಗೆ ವಿಶ್ವವಿದ್ಯಾಲಯವಿದೆ. ಮೊದಲ ಸೆಮಿಸ್ಟರಿನ ಸೆಮಿನಾರಿನಲ್ಲಿ ನಾನು ಒಂದು ಲೇಖನದ ಸಾರಾಂಶವನ್ನು ಚೆನ್ನಾಗಿ ಒಪ್ಪಿಸಿ ಕುಳಿತಾಗ, ಪ್ರಾಧ್ಯಾಪಕರು ಲೇಖನದ ಎರಡನೆಯ ಕೋಷ್ಟಕವನ್ನು ತೆರೆದು, ಈ ಅಂಕಿಗಳು ಲೇಖಕರ ಮಾತನ್ನು ನಿಜಕ್ಕೂ ಹೇಳುತ್ತಿವೆಯೇ ಎಂದು ಕೇಳಿದರು. ನಾನು ಆ ಕೋಷ್ಟಕವನ್ನು ಓದಿಯೇ ಇರಲಿಲ್ಲ. ಅಚ್ಚಾದದ್ದನ್ನು ಪ್ರಶ್ನಿಸಬಹುದೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಮಾವನ ಬೀದಿಯನ್ನೇ, ಅಂದರೆ ಸಗಟು ಬಟ್ಟೆ ವ್ಯಾಪಾರದಲ್ಲಿ ನಡೆಯುವ ಉದ್ರಿಯನ್ನು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಉದ್ರಿ ಕೊಡುವುದು ಕಷ್ಟವಾಗಿರಬೇಕು ಎಂಬುದು ನನ್ನ ಊಹೆಯಾಗಿತ್ತು. ಹಣ ಕೈಸೇರದಿದ್ದರೂ ಬಿಲ್ಲು ಹರಿದ ಮೇಲೆ ಅಂಗಡಿಯವರು ತೆರಿಗೆ ಕಟ್ಟಲೇಬೇಕು. ಕೊಂಡವರು 180 ದಿನಗಳೊಳಗೆ ಹಣ ಕೊಡದಿದ್ದರೆ ಆ ಖರೀದಿಯ ಮೇಲಿನ ತೆರಿಗೆಗೆ ತಾವು ಪಡೆದ ಜಮೆಯನ್ನು (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ವಾಪಸು ಮಾಡಬೇಕು. 2025ರ ಜನವರಿ ರಜೆಯಲ್ಲಿ ಊರಿಗೆ ಬಂದು ಹದಿನಾಲ್ಕು ಅಂಗಡಿಗಳ ಗಾದಿಯ ಮೇಲೆ ಕುಳಿತು ಮಾತಾಡಿಸಿದೆ. ನನ್ನ ಊಹೆ ಅರ್ಧ ಮಾತ್ರ ನಿಜವಾಯಿತು. ಹೊಸ ಗಿರಾಕಿಗಳಿಗೆ ಉದ್ರಿ ನಿಂತಿತ್ತು. ಹಳಬರಿಗೆ ಅದು ಮೊದಲಿನಂತೆಯೇ ನಡೆದಿತ್ತು.

ಮಾತುಕತೆಗಳನ್ನು ಕನ್ನಡದಲ್ಲಿಯೇ ಬರೆದಿಟ್ಟು, ಮ್ಯಾಕ್ಸ್‌ಕ್ಯೂಡಿಎ ಎಂಬ ತಂತ್ರಾಂಶದಲ್ಲಿ ಸಾಲು ಸಾಲಿಗೂ ಗುರುತು ಹಾಕುತ್ತಾ ಹೋದೆ. “ಅವರಪ್ಪನ ಕಾಲದಿಂದ ಬರ್ತಿದ್ದಾರೆ, ಅವರ ಹತ್ರ ಏನು ಕಾಗದ ಕೇಳೋದಮ್ಮ” ಎಂದು ಮಾವ ಹೇಳಿದ ಸಾಲಿಗೆ ನಾನು ‘ನಂಬಿಕೆ’ ಎಂದು ಗುರುತು ಹಾಕಿದ್ದೆ. ಇಂಗ್ಲಿಷಿಗೆ ತಿರುಗಿಸಿದ ಆ ಸಾಲಿನ ಪಕ್ಕದಲ್ಲಿ ಮಾರ್ಗದರ್ಶಕರು ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಬರೆದರು: ಇದು ನಂಬಿಕೆಯೋ, ಮೂವತ್ತು ವರ್ಷದ ಲೆಕ್ಕದ ನೆನಪೋ? ಆ ರಾತ್ರಿಯೇ ಮಾವನಿಗೆ ವಿಡಿಯೋ ಕರೆ ಮಾಡಿದೆ. ಅವರು ಉದ್ರಿ ಪುಸ್ತಕವನ್ನು ಕ್ಯಾಮೆರಾದ ಮುಂದೆ ಹಿಡಿದು, ಕೆಲವು ಹೆಸರುಗಳ ಎಡಕ್ಕೆ ಇಟ್ಟ ಸಣ್ಣ ಕೆಂಪು ಚುಕ್ಕೆಗಳನ್ನು ತೋರಿಸಿದರು. ಒಂದು ಚುಕ್ಕೆಯೆಂದರೆ ಒಮ್ಮೆ ತಡಮಾಡಿದವರು. ಮೂರು ಚುಕ್ಕೆಯಾದರೆ ಉದ್ರಿ ಬಂದ್. ನಾನು ಚಿಕ್ಕಂದಿನಿಂದ ಆಡಿ ಬೆಳೆದ ಅಂಗಡಿಯದು. ಆ ಚುಕ್ಕೆಗಳನ್ನು ನಾನು ಕಂಡೇ ಇರಲಿಲ್ಲ. ಪ್ರಬಂಧದ ಆ ಅಧ್ಯಾಯವನ್ನು ಇಡಿಯಾಗಿ ಹೊಸದಾಗಿ ಬರೆದೆ. ಉದ್ರಿ ಎಂಬ ಪದವನ್ನು ಮಾತ್ರ ಅನುವಾದಿಸದೆ ಹಾಗೆಯೇ ಉಳಿಸಿಕೊಂಡು, ಅದಕ್ಕೆ ಒಂದು ಪುಟದ ವಿವರಣೆ ಕೊಟ್ಟೆ.

ಇಂಥ ಕೆಲಸದಲ್ಲಿ ಸಂತೋಷ ಕಾಣುವವರು ಈ ಓದಿಗೆ ಧೈರ್ಯವಾಗಿ ಹೋಗಬೇಕು. ಬೇಗ ಕೆಲಸಕ್ಕೆ ಸೇರುವುದೊಂದೇ ಗುರಿಯಾಗಿದ್ದವರಿಗೆ ಆ ಎರಡು ವರ್ಷ ಬಹಳ ಉದ್ದವಾಗುತ್ತದೆ. ನನ್ನ ತರಗತಿಯಲ್ಲಿ ಅಂಥವರನ್ನು ನೋಡಿ ನೊಂದಿದ್ದೇನೆ. ಅದಕ್ಕೇ ಆ ಹುಡುಗಿಗೆ ಪುಸ್ತಿಕೆಯನ್ನು ಪಕ್ಕಕ್ಕಿಡಲು ಹೇಳಿ, ವಿಶ್ವವಿದ್ಯಾಲಯಗಳು ತಮ್ಮ ಜಾಲತಾಣದಲ್ಲಿ ಹಾಕಿರುವ ಮಾಡ್ಯೂಲ್ ಕ್ಯಾಟಲಾಗನ್ನು ತೆರೆದು ತೋರಿಸಿದೆ. ಪ್ರತಿ ವಿಷಯದಲ್ಲಿ ಏನು ಓದಬೇಕು, ಪರೀಕ್ಷೆ ಹೇಗೆ, ಎಷ್ಟು ಕ್ರೆಡಿಟ್ ಎಂಬುದೆಲ್ಲ ಅದರಲ್ಲಿರುತ್ತದೆ. ಅವಳು ಸಂಖ್ಯಾಶಾಸ್ತ್ರದ ಪುಟದ ಬಳಿ ನಿಂತು ಬಹಳ ಹೊತ್ತು ಓದಿದಳು, ನಡುನಡುವೆ ಪ್ರಶ್ನೆಗಳನ್ನೂ ಕೇಳಿದಳು.

ಹೊರಡುವ ಹೊತ್ತಿಗೆ ಅವಳ ತಾಯಿ, ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದವರು, ಸಾಲ ಸಿಗುವುದು ಕಷ್ಟವೇ ಎಂದು ವಿಚಾರಿಸಿದರು. ಮನೆಯ ಖಾತಾ ಯಾವುದು ಎಂದು ಕೇಳಿದೆ. ಬಿ ಖಾತಾ ಎಂದರು. ಅವರನ್ನು ಮತ್ತೆ ಕುಳ್ಳಿರಿಸಿ, ಬೀರುವಿನಿಂದ ಅಪ್ಪನ ಆ ಬಟ್ಟೆಯ ಚೀಲವನ್ನು ತಂದೆ.