‘ಕೇಳಿಸ್ತಿಲ್ಲ’ ಅಂದರೆ ಮೊದಲು ಏನು ನೋಡಬೇಕು? ಸಮುದಾಯ ರೇಡಿಯೋ ಕೆಲಸದ ಅನುಭವ

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ‘ನಮ್ಮ ಧ್ವನಿ’ ಸಮುದಾಯ ರೇಡಿಯೋ ಮನೆಮನೆ ತಲುಪಿದ್ದು ಕೇಬಲ್ ಟಿವಿಯ ತಂತಿಯಲ್ಲಿ; ಗಾಳಿಯಲ್ಲಿ ಪ್ರಸಾರ ಮಾಡಲು ಪರವಾನಗಿ ಸಿಗುತ್ತಿರಲಿಲ್ಲ. ರೇಡಿಯೋ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ, ಸ್ವಯಂಸೇವಾ ಸಂಸ್ಥೆಗಳಿಗೆ ಪರವಾನಗಿಯ ದಾರಿ ತೆರೆದದ್ದು 2006ರ ನವೆಂಬರಿನಲ್ಲಿ.

ಈಗ ತಂತಿ ಬೇಕಿಲ್ಲ. ದೂರು ಮಾತ್ರ ಬರುತ್ತಲೇ ಇರುತ್ತದೆ: “ನಮ್ಮೂರಿಗೆ ಕೇಳಿಸ್ತಿಲ್ಲ ಸರ್.” ಕರೆಂಟು ಎಷ್ಟೊತ್ತಿಗೆ ಹೋಗುತ್ತದೆ, ನೀರು ಯಾವಾಗ ಬಿಡುತ್ತಾರೆ ಎಂದು ತಿಳಿಯಲು ರೇಡಿಯೋ ಹಾಕುವವರ ಮಾತಿದು, ತಳ್ಳಿಹಾಕುವಂತಿಲ್ಲ. ಪವರ್ ಏರಿಸೋಣ ಎಂದರೆ ಅದಕ್ಕೂ ಮಿತಿಯಿದೆ: ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿ 100 ವಾಟ್, ಆಂಟೆನಾದ ಎತ್ತರ 30 ಮೀಟರ್.

ಹಾಗಾಗಿ ಮರುಪ್ರಶ್ನೆ ಹಾಕಿ: ಗೊರಗೊರ ಸದ್ದಿದೆಯಾ, ಇಲ್ಲಾ ಮಾತೇ ಸಣ್ಣಗಿದೆಯಾ?

ಗೊರಗೊರ ಇದ್ದರೆ ಟ್ರಾನ್ಸ್‌ಮಿಟರ್‌ನ (ಪ್ರಸಾರ ಯಂತ್ರದ) ಮೀಟರ್ ನೋಡಿ. ಆಂಟೆನಾಗೆ 50 ವಾಟ್ ಹೋಗುವಾಗ ಅಲ್ಲಿಂದ ವಾಪಸ್ ಬರುವ ಶಕ್ತಿ 2 ವಾಟ್‌ನೊಳಗಿದ್ದರೆ ಚಿಂತೆಯಿಲ್ಲ. ಮೊದಲ ಮಳೆಯಾದ ಮೇಲೆ ಅದು ಏರಿದರೆ ಬಹುಪಾಲು ಆಂಟೆನಾ ಬುಡದ ಕನೆಕ್ಟರ್‌ಗೆ ನೀರು ಇಳಿದಿರುತ್ತದೆ. ಟ್ರಾನ್ಸ್‌ಮಿಟರ್ ಆಫ್ ಮಾಡಿಯೇ ಬಿಚ್ಚಿ. ಕೇಬಲ್ ಒಳಗಿನ ತಾಮ್ರದ ಜಾಲರಿ ಹಸಿರುಗಟ್ಟಿದ್ದರೆ ಒರೆಸಿ ಪ್ರಯೋಜನವಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಕನೆಕ್ಟರ್‌ಗೆ ಮೊದಲು ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಪಿವಿಸಿ ಟೇಪ್. ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ ಬರಲಿ. ಹೆಂಚು ಹೊದಿಸಿದ ಹಾಗೆ ಮೇಲಿನ ಪದರ ಕೆಳಗಿನದನ್ನು ಮುಚ್ಚಬೇಕು. ಕೇಬಲ್ ಗೋಡೆಯೊಳಗೆ ನುಗ್ಗುವ ಮುಂಚೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆಂಟೆನಾ ಬಿಚ್ಚಿದ್ದನ್ನು ಮರೆತು ಟ್ರಾನ್ಸ್‌ಮಿಟರ್ ಹಾಕಿದರೆ ಅದರ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು; ಸ್ವಿಚ್ ಮೇಲೆ ಚೀಟಿ ಅಂಟಿಸುವುದಕ್ಕೆ ನಾಚಿಕೆ ಬೇಡ.

ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿರಿ. ಒಣಗಿದ ಗುಂಡಿ ಮುಂಗಾರುಪೂರ್ವ ಗುಡುಗು-ಸಿಡಿಲಿನಿಂದ ಉಪಕರಣಗಳನ್ನು ಕಾಯದು.

ಗೊರಗೊರ ಇಲ್ಲದೆ ಮಾತು ಮಾತ್ರ ಸಣ್ಣಗಿದ್ದರೆ ಆಂಟೆನಾ ಮುಟ್ಟಲೇಬೇಡಿ. ಎಫ್‌ಎಂನಲ್ಲಿ ದನಿಯ ಗಾತ್ರಕ್ಕೂ ವಾಟ್‌ಗೂ ಸಂಬಂಧವಿಲ್ಲ, ತಪ್ಪು ಬಹುಪಾಲು ರೆಕಾರ್ಡಿಂಗ್‌ನಲ್ಲಿರುತ್ತದೆ. ಹೊಲದ ಬದುವಿನಲ್ಲಿ ಮೊಬೈಲನ್ನು ಮಾರುದೂರ ಹಿಡಿದು ಅಜ್ಜಿಯ ಸೋಬಾನೆ ಪದ ತಂದಿರುತ್ತಾರೆ; ಅದರ ಹಿಂದೆಯೇ ಸ್ಟುಡಿಯೋದ ಜಿಂಗಲ್ (ಕೇಂದ್ರದ ಗುರುತಿನ ಹಾಡು) ಕಿವಿಗೆ ಬಡಿಯುತ್ತದೆ. ಮೈಕ್ ಬಾಯಿಂದ ಒಂದು ಗೇಣು ಇರಲಿ. ರೆಕಾರ್ಡಿಂಗ್ ಮೀಟರ್‌ನ ಗರಿಷ್ಠ ಮಟ್ಟ ಮೈನಸ್ 6 ಡೆಸಿಬೆಲ್ ಆಸುಪಾಸು ನಿಲ್ಲಲಿ. ಎಲ್ಲ ಫೈಲುಗಳನ್ನೂ ಒಂದೇ ಮಟ್ಟಕ್ಕೆ ತಂದ ಮೇಲೆಯೇ ಪ್ರಸಾರದ ಪಟ್ಟಿಗೆ ಸೇರಿಸಿ. ಪ್ರಸಾರವಾದದ್ದನ್ನು ಮೂರು ತಿಂಗಳು ಉಳಿಸುವುದು ಹೇಗೂ ಕಡ್ಡಾಯ. ದೂರು ಬಂದ ದಿನದ ಫೈಲನ್ನು ಹೆಡ್‌ಫೋನ್ ತೆಗೆದಿಟ್ಟು, ಸಣ್ಣ ಸ್ಪೀಕರಿನಲ್ಲಿ ಹಾಕಿ ಕೇಳಿ.